ವಾರಕ್ಕೊಮ್ಮೆ ತಂದ ಸೊಪ್ಪು, ತರಕಾರಿ ಬುಧವಾರಕ್ಕೇ ಬಾಡಿಹೋಗುತ್ತದೆ. ತಾಜಾ ಊಟ ಮಾಡೋದು ಹೇಗೆ?

ಬೆಂಗಳೂರಿನಲ್ಲಿ ಮನೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ದಿನಾ ಮಾರ್ಕೆಟ್‌ಗೆ ಹೋಗಲು ಪುರುಸೊತ್ತಿಲ್ಲ ಅಂತ ಬರೆದಿದ್ದೀರಿ. ಭಾನುವಾರ ಎರಡು ಚೀಲ ತುಂಬ ತರುತ್ತೀರಿ, ಬುಧವಾರ ಬರುವಷ್ಟರಲ್ಲಿ ಸೊಪ್ಪು ಲೋಳೆಯಾಗಿ, ಬೆಂಡೆಕಾಯಿ ಕಪ್ಪಾಗಿ, ಅರ್ಧ ಕಸಕ್ಕೆ ಹೋಗುತ್ತದೆ. ಹಾಗಾದರೆ ತಾಜಾ ತಿನ್ನಬೇಕು ಅನ್ನುವವರು ಏನು ಮಾಡಬೇಕು, ಸಾವಯವ ಅಂಗಡಿಗೇ ಹೋಗಬೇಕಾ ಎಂದು ಕೇಳಿದ್ದೀರಿ. ನಮ್ಮ ಮನೆಯದ್ದೂ ಇದೇ ಲೆಕ್ಕ, ಬೆಳಗ್ಗೆ ಎಂಟಕ್ಕೆ ಬಾಗಿಲು ಹಾಕಿದರೆ ತೆಗೆಯೋದು ಸಂಜೆಗೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನಾನು ಪಾಲಿಸುವುದು ಇಷ್ಟೇ: ಬೇಗ ಕೆಡುವುದನ್ನು ಮೊದಲು ತಿನ್ನಬೇಕು, ತಡೆಯುವುದನ್ನು ಕೊನೆಗೆ ಉಳಿಸಬೇಕು. ನಾವೆಲ್ಲ ಮೊದಲು ಇವತ್ತು ಏನು ಅಡುಗೆ ಅಂತ ಯೋಚಿಸಿ, ಆಮೇಲೆ ತರಕಾರಿಗೆ ಕೈ ಹಾಕುತ್ತೇವೆ. ಅದನ್ನು ತಿರುವು ಮುರುವು ಮಾಡಿ. ಫ್ರಿಡ್ಜ್ ತೆಗೆದು, ನಾಳೆಗೆ ಯಾವುದು ಉಳಿಯಲ್ಲ ಅಂತ ನೋಡಿ. ಇವತ್ತಿನ ಅಡುಗೆ ಅದರದ್ದೇ.

ಮೊದಲು ಎಷ್ಟು ತರಬೇಕು ಅನ್ನೋದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದಿದೆ. ಇಬ್ಬರಿಗೆ ವಾರಕ್ಕೆ ಐದೂವರೆ ಕಿಲೋ ದಾಟುತ್ತದೆ. ಜಾಸ್ತಿ ಅನ್ನಿಸಬಹುದು, ಆದರೆ ಒಂದು ಹೊತ್ತು ಹುಳಿ, ಒಂದು ಹೊತ್ತು ಪಲ್ಯ, ಜೊತೆಗೆ ಕೋಸಂಬರಿ ಇದ್ದರೆ ಆಗಿಬಿಡುತ್ತದೆ. ಅಂದರೆ ನೀವು ತರುತ್ತಿರುವುದು ಬಹುಶಃ ಜಾಸ್ತಿಯೇನೂ ಅಲ್ಲ. ಎಲ್ಲವನ್ನೂ ಒಂದೇ ದಿನ ತಂದು, ಒಂದೇ ಕಡೆ ತುರುಕುವುದರಿಂದ ತೊಂದರೆ ಆಗುತ್ತಿದೆ. ಭಾನುವಾರದ ಚೀಲದಲ್ಲಿ ಎರಡು ದಿನಕ್ಕಾಗುವಷ್ಟೇ ಸೊಪ್ಪು ಇರಲಿ. ಬುಧವಾರವೋ ಗುರುವಾರವೋ ಆಫೀಸಿನಿಂದ ಬರುವ ದಾರಿಯಲ್ಲಿ ಇನ್ನೆರಡು ಕಟ್ಟು ತೆಗೆದುಕೊಳ್ಳಿ. ಐದು ನಿಮಿಷದ ಕೆಲಸ.

ಇನ್ನು ಸೊಪ್ಪಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಸದ ಬುಟ್ಟಿಗೆ ಹೋಗುವುದರಲ್ಲಿ ದೊಡ್ಡ ಪಾಲು ಇದರದ್ದೇ.

ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ. ಹಾಗೆ ಉಸಿರಾಡುವಾಗ ಬಿಸಿ ಹುಟ್ಟುತ್ತದೆ. ಬಿಗಿಯಾಗಿ ಕಟ್ಟಿದ ಕಟ್ಟಿನ ನಡುವೆ ಆ ಬಿಸಿ ಹೊರಗೆ ಹೋಗಲು ಜಾಗವಿಲ್ಲ. ಮೇಲಿಂದ ಮೇಲೆ ನೀರು ಚಿಮುಕಿಸಿರುತ್ತಾರೆ, ಆ ತೇವವೂ ಒಳಗೇ ಸೇರಿರುತ್ತದೆ. ಹೊರಗಿನ ಎಲೆ ನಳನಳಿಸುತ್ತಿದ್ದರೂ ನಡುವಿನ ಎಲೆ ಕಪ್ಪಾಗಿ ಅಂಟಂಟಾಗಿರುವುದು ಇದಕ್ಕೇ. ಕೊಳ್ಳುವಾಗ ಕಟ್ಟಿನ ನಡುವೆ ಎರಡು ಬೆರಳು ತೂರಿಸಿ ನೋಡಿ. ಬೆಚ್ಚಗಿದ್ದರೆ, ಅಂಟಿದರೆ ಬೇಡ. ಬುಡವನ್ನೂ ನೋಡಿ: ಬೇರಿಗೆ ಹಸಿ ಮಣ್ಣು ಹತ್ತಿದ್ದರೆ ಒಳ್ಳೆಯದು, ಕಡಿದ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ದಂಟನ್ನು ಮುರಿದು ನೋಡಿ, ಪಟ್ ಅಂತ ಮುರಿಯಬೇಕು. ನಾರು ಹಿಡಿದು ಜಗ್ಗಿದರೆ ಬಲಿತಿದೆ.

ಮನೆಗೆ ಬಂದ ತಕ್ಷಣ, ಕಾಫಿಗೂ ಮೊದಲು, ಎಲ್ಲ ಕಟ್ಟು ಬಿಚ್ಚಿ. ಇದೊಂದೇ ಕೆಲಸ ಮಾಡಿದರೂ ಅರ್ಧ ಗೆದ್ದಂತೆ. ರಬ್ಬರ್‌ಬ್ಯಾಂಡ್, ದಾರ ತೆಗೆದು, ಕೊಳೆತ ಎಲೆ ಆರಿಸಿ ಬಿಸಾಡಿ, ಹಳೆಯ ಪಂಚೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಇಡಿ. ತೊಳೆಯಬೇಡಿ. ಮೇಲಿನ ನೀರಷ್ಟೇ ಆರಬೇಕು, ಸೊಪ್ಪು ಬಾಡಬಾರದು, ಅರ್ಧ ಗಂಟೆ ಸಾಕು. ಆಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಡಬ್ಬಿಯಲ್ಲೋ ಕವರಿನಲ್ಲೋ ಹಾಕಿ ಫ್ರಿಡ್ಜಿನ ಕೆಳಗಿನ ತರಕಾರಿ ಡ್ರಾಯರ್‌ನಲ್ಲಿಡಿ. ಎಲೆ ಬಿಡುವ ತೇವವನ್ನು ಬಟ್ಟೆ ಹೀರುತ್ತದೆ, ಡಬ್ಬಿ ಇರುವುದರಿಂದ ಎಲೆ ಒಣಗುವುದೂ ಇಲ್ಲ. ಸುಮಾರು ಜನ ಪೇಪರಿನಲ್ಲಿ ಸುತ್ತುತ್ತಾರೆ. ಅಚ್ಚಿನ ಶಾಯಿ ಊಟದ ಪದಾರ್ಥಕ್ಕೆ ತಾಗುವುದು ಒಳ್ಳೆಯದಲ್ಲ, ಹಳೇ ಪಂಚೆಯ ತುಂಡೇ ಮೇಲು. ತೊಳೆದು ಬಳಸಬಹುದು.

ಕೊತ್ತಂಬರಿ ಸೊಪ್ಪಿಗೂ ಇದೇ ಉಪಚಾರ, ಬೇರು ಮಾತ್ರ ಕತ್ತರಿಸಿಬಿಡಿ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ಚೂರೂ ತೇವ ಇಲ್ಲದ ಸ್ಟೀಲ್ ಡಬ್ಬಿಗೆ ಹಾಕಿದರೆ ಎರಡು ವಾರ ನಿಶ್ಚಿಂತೆ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದಿಡಿ, ಕೊಳೆಯಲು ಶುರುವಾಗುವುದು ತೊಟ್ಟಿನಿಂದಲೇ.

ತೊಳೆಯುವುದು ಅಡುಗೆಗೆ ಮೊದಲು. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪು ಮುಳುಗಿಸಿ ಅಲುಗಾಡಿಸಿ, ಎರಡು ನಿಮಿಷ ಬಿಡಿ. ಮರಳು ತಳಕ್ಕೆ ಹೋಗುತ್ತದೆ. ಆಮೇಲೆ ಸೊಪ್ಪನ್ನು ಕೈಯಿಂದ ಮೇಲಕ್ಕೆ ಎತ್ತಿಕೊಳ್ಳಬೇಕು. ಜರಡಿಗೆ ಸುರಿದರೆ ತಳದ ಮರಳೆಲ್ಲ ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಪಾತ್ರೆಯ ತಳ ಸ್ವಚ್ಛವಾಗಿ ಕಾಣುವವರೆಗೆ ನೀರು ಬದಲಿಸಿ. ಹೆಚ್ಚುವುದು ತೊಳೆದ ಮೇಲೆ, ಅದೂ ಒಲೆ ಹಚ್ಚುವ ಹೊತ್ತಿಗೆ. ಹೆಚ್ಚಿದ ಮೇಲೆ ತೊಳೆದರೆ ಸಿ ವಿಟಮಿನ್ ನೀರಿನ ಜೊತೆ ಹರಿದುಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ಬಸ್ಸಾರಿನಷ್ಟು ಬುದ್ಧಿವಂತ ಅಡುಗೆ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ದಂಟಿನ ಸೊಪ್ಪು, ಬೇಳೆ ಬೇಯಿಸಿ ನೀರು ಬಸಿಯುತ್ತೇವೆ, ಆ ನೀರೇ ಸಾರಾಗುತ್ತದೆ, ಬಸಿದ ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಸತ್ವ ಸಿಂಕಿಗೆ ಹೋಗುವ ಮಾತೇ ಇಲ್ಲ. ಕೊನೆಯಲ್ಲಿ ಒಲೆ ಆರಿಸಿ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಅದಕ್ಕೆ ಅಡ್ಡಿ, ಒಂದು ಗಂಟೆ ತಡೆಯಿರಿ. ಬೇಯಿಸುವಷ್ಟೂ ವ್ಯವಧಾನ ಇಲ್ಲದ ದಿನ ಉತ್ತರ ಕರ್ನಾಟಕದವರ ಹಾಗೆ ಮಾಡಿ: ಎಳೆ ಮೆಂತ್ಯ ಸೊಪ್ಪು, ಸೌತೆಕಾಯಿ, ಈರುಳ್ಳಿ ಹೆಚ್ಚಿ, ಉಪ್ಪು, ನಿಂಬೆರಸ, ಗುರೆಳ್ಳು ಪುಡಿ ಉದುರಿಸಿದರೆ ಪಚಡಿ ತಯಾರು. ರೊಟ್ಟಿಗೂ ಆಗುತ್ತದೆ, ಚಪಾತಿಗೂ ಆಗುತ್ತದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಪಾಲಕ್, ದಂಟು, ಬಸಳೆ ದಿನಾ ಬೇಡ. ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ಅಂಶ ಇವುಗಳಲ್ಲಿ ಜಾಸ್ತಿ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಸೊಪ್ಪು ಜಾಸ್ತಿ ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಸೊಪ್ಪು ಭಾನುವಾರ, ಸೋಮವಾರ ಮುಗಿಯಿತು ಅಂದುಕೊಳ್ಳಿ. ಆಮೇಲಿನ ಸರದಿ ಬೆಂಡೆ, ಹೀರೆ, ಹುರುಳಿಕಾಯಿ, ತೊಂಡೆ, ಬದನೆಯದ್ದು. ಇವನ್ನು ಬುಧವಾರದೊಳಗೆ ಮುಗಿಸಿ. ಬೆಂಡೆಕಾಯಿಯನ್ನು ಒದ್ದೆ ಇಡಲೇಬೇಡಿ. ಬದನೆಕಾಯಿ ಕೊಳ್ಳುವಾಗ ತೊಟ್ಟು ಹಸಿರಾಗಿರಬೇಕು, ಮೈ ಮಿರುಗಬೇಕು. ಗುರುವಾರದಿಂದ ಎಲೆಕೋಸು, ನವಿಲುಕೋಸು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ. ಆದರೆ ಮೂಲಂಗಿ, ನವಿಲುಕೋಸು, ಬೀಟ್‌ರೂಟಿನ ಎಲೆಗಳನ್ನು ಭಾನುವಾರವೇ ಕತ್ತರಿಸಬೇಕು. ಹಾಗೇ ಬಿಟ್ಟರೆ ಎಲೆ ಗಡ್ಡೆಯ ನೀರನ್ನೆಲ್ಲ ಎಳೆದುಕೊಂಡು, ಗಡ್ಡೆ ಜೊಳ್ಳಾಗುತ್ತದೆ. ಕತ್ತರಿಸಿದ ಎಲೆಯನ್ನು ಬಿಸಾಡಬೇಡಿ, ಅದೂ ಸೊಪ್ಪೇ. ಮೂಲಂಗಿ ಸೊಪ್ಪಿನ ಪಲ್ಯಕ್ಕೆ ಹೆಸರುಬೇಳೆ ಚೆನ್ನಾಗಿ ಹೊಂದುತ್ತದೆ.

ವಾರದ ಕೊನೆಗೆ, ಏನೂ ತರಲಾಗದ ದಿನಕ್ಕೆ, ಮನೆಯಲ್ಲಿ ಒಂದು ಮಂಗಳೂರು ಸೌತೆಯೋ ಸಿಹಿಗುಂಬಳವೋ ಸುವರ್ಣಗಡ್ಡೆಯೋ ಸದಾ ಇರಲಿ. ಇವಕ್ಕೆ ಫ್ರಿಡ್ಜೇ ಬೇಡ. ಕರಾವಳಿಯ ಹಳೇ ಮನೆಗಳಲ್ಲಿ ಈ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಬಿಗಿದು ಸಾಲಾಗಿ ಮಾಡಿಗೆ, ಅಂದರೆ ಚಾವಣಿಗೆ, ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ನೆಲದ ತೇವ ಹತ್ತಬಾರದು, ಸುತ್ತ ಗಾಳಿಯಾಡಬೇಕು. ಹಾಗೆ ಇಟ್ಟ ಕಾಯಿ ಮಳೆಗಾಲ ಕಳೆಯುವಷ್ಟು ಬಾಳುತ್ತಿತ್ತು. ನಿಮ್ಮ ಫ್ಲಾಟಿನಲ್ಲಿ ಅಂಥ ಮಾಡು ಇಲ್ಲದಿರಬಹುದು, ಗಾಳಿಯಾಡುವ ಒಂದು ಮೂಲೆ ಇದ್ದರೆ ಸಾಕು. ಕುಂಬಳಕಾಯಿ ಇಡಿಯಾಗಿ ಕೊಂಡರೆ ತಿಂಗಳುಗಟ್ಟಲೆ ಇರುತ್ತದೆ. ಕತ್ತರಿಸಿದ ಹೋಳು ಮೂರ್ನಾಲ್ಕು ದಿನ ಅಷ್ಟೆ.

ಫ್ರಿಡ್ಜಿಗೆ ಏನು ಹಾಕಬಾರದು ಅನ್ನೋದೂ ಮುಖ್ಯ. ಆಲೂಗಡ್ಡೆ, ಈರುಳ್ಳಿ ಹೊರಗೆ ಇರಲಿ, ಅದೂ ಬೇರೆ ಬೇರೆ ಬುಟ್ಟಿಯಲ್ಲಿ. ಟೊಮೆಟೊ ಹಣ್ಣಾಗುವವರೆಗೆ ಹೊರಗೆ ಇಡಿ, ತಣ್ಣಗೆ ಇಟ್ಟರೆ ರುಚಿ ಕಳೆದುಕೊಳ್ಳುತ್ತದೆ. ಇನ್ನೊಂದು ವಿಷಯ ಸುಮಾರು ಜನರಿಗೆ ಗೊತ್ತಿರಲ್ಲ: ಬಾಳೆ, ಮಾವು, ಪರಂಗಿ, ಸೇಬು, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಅದು ತಾಗಿದರೆ ಪಕ್ಕದ ಸೊಪ್ಪು, ಸೌತೆ ಬೇಗ ಹಳದಿಯಾಗುತ್ತವೆ, ಕ್ಯಾರೆಟ್ ಕಹಿಯಾಗುತ್ತದೆ. ನಿಮ್ಮ ಭಾನುವಾರದ ಚೀಲದಲ್ಲಿ ಬಾಳೆಹಣ್ಣು, ಸೊಪ್ಪು ಒಟ್ಟಿಗೆ ಬರುತ್ತಿದ್ದರೆ ಅಲ್ಲಿಂದಲೇ ಕೇಡು ಶುರು. ಹಣ್ಣಿಗೆ ಬೇರೆ ಚೀಲ, ಬೇರೆ ಜಾಗ.

ಎಲ್ಲಿ ಕೊಳ್ಳಬೇಕು? ವ್ಯಾಪಾರ ಬೇಗ ಖಾಲಿಯಾಗುವ ಕಡೆ. ಅಂಗಡಿ ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ ಇದು ಮುಖ್ಯ. ಹಾಪ್‌ಕಾಮ್ಸ್ ಮಳಿಗೆ ಹತ್ತಿರವಿದ್ದರೆ ಬೆಳಗ್ಗೆ ಹೋಗಿ, 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು, ಈಗಲೂ ಬೆಳೆಗಾರರದ್ದೇ ಸಂಸ್ಥೆ. ನಿಮ್ಮ ಬೀದಿಯ ತಳ್ಳುಗಾಡಿಯವರ ಹತ್ತಿರ ಖಾಯಂ ಗಿರಾಕಿಯಾಗಿ. ಯಾವ ದಿನ ಹೊಸ ಮಾಲು ಬರುತ್ತದೆ ಅಂತ ಕೇಳಿಟ್ಟುಕೊಳ್ಳಿ, ಅವರು ಮುಚ್ಚಿಡಲ್ಲ. ಕಾಲಕ್ಕೆ ತಕ್ಕ ಕಾಯಿ ಕೊಂಡರೆ ತಾಜಾ ಸಿಗುವುದೂ ಸುಲಭ, ಬೆಲೆಯೂ ಇಳಿದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊಗಡವರೆ ಬಂದಾಗ ಬೀನ್ಸ್ ಯಾಕೆ ಬೇಕು ಹೇಳಿ? ಅವರೆಯನ್ನು ಕಾಯಿಯಾಗಿಯೇ ಕೊಳ್ಳಿ, ಸುಲಿದ ಕಾಳು, ಹಿತಕಿದ ಬೇಳೆಯ ಪೊಟ್ಟಣ ಸಂಜೆಯೊಳಗೆ ಹುಳಿ ವಾಸನೆ ಹಿಡಿಯಬಹುದು. ಕಾಯಿಗೆ ಮೂಗಿಟ್ಟು ನೋಡಿ, ಸೊಗಡು ಘಮ್ಮಂತಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಮಾವಿನ ಕಾಲದಲ್ಲಿ ಮಾತ್ರ ಸ್ವಲ್ಪ ಹುಷಾರು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷೇಧ. ಮಿತಿಯೊಳಗೆ ಎಥಿಲೀನ್ ಅನಿಲ ಬಳಸಲು ಅನುಮತಿ ಇದೆ. ಸೀಸನ್ನಿಗೆ ಮೊದಲೇ ಬಂದ, ಮೈಯೆಲ್ಲ ಒಂದೇ ಹಳದಿ ಇದ್ದೂ ತೊಟ್ಟಿನ ಹತ್ತಿರ ವಾಸನೆಯೇ ಇಲ್ಲದ ಹಣ್ಣನ್ನು ನಾನು ಕೊಳ್ಳುವುದಿಲ್ಲ.

ತಾಜಾ ಅಂದರೆ ಮಾಡಿದ ತಕ್ಷಣವೇ ತಿನ್ನಬೇಕು, ಉಳಿದದ್ದು ವಿಷ ಅಂತ ಹೆದರುವವರಿದ್ದಾರೆ. ಇಬ್ಬರೂ ದುಡಿಯುವ ಮನೆಯಲ್ಲಿ ಅದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಹುಳಿ ಮಾಡಿ ಎರಡು ಗಂಟೆಯೊಳಗೆ ಫ್ರಿಡ್ಜಿಗೆ ಸೇರಿಸಿ. ಮಾರನೆಯ ದಿನ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು ಕುದಿ ಬರುವಂತೆ ಕಾಯಿಸಿ. ಇಡೀ ಪಾತ್ರೆಯನ್ನು ದಿನಾ ಹೊರಗೆ ತೆಗೆದು, ಕಾಯಿಸಿ, ಮತ್ತೆ ಒಳಗಿಡುವುದು ಬೇಡ. ಕೋಸಂಬರಿ, ಪಚಡಿ, ಹೆಚ್ಚಿದ ಹಣ್ಣು ಮಾತ್ರ ಆಗಿಂದಾಗ್ಗೆ. ಮೊಳಕೆ ಹೆಸರುಕಾಳು ಮನೆಯಲ್ಲೇ ಕಟ್ಟಿ, ಸಿ ವಿಟಮಿನ್ ಜಾಸ್ತಿಯಾಗುತ್ತದೆ. ಆದರೆ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಕೊಡಬೇಡಿ. ಮೊಳಕೆ ಬರಿಸುವ ಬೆಚ್ಚನೆ ತೇವದಲ್ಲಿ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ, ಬೇಯಿಸಿಯೇ ಕೊಡಿ.

ಕೊನೆಗೆ ಸಾವಯವದ ಪ್ರಶ್ನೆ. ದುಡ್ಡು ಇದ್ದರೆ ಖಂಡಿತ ಕೊಳ್ಳಿ, ವಿಷ ಹಾಕದೆ ಬೆಳೆಯುವ ರೈತರಿಗೆ ಅದು ಆಸರೆ. ಪೊಟ್ಟಣದ ಮೇಲೆ ಸಾವಯವ ಅಂತ ಪ್ರಮಾಣೀಕರಿಸುವ ಸರ್ಕಾರಿ ಮುದ್ರೆ ಇದೆಯಾ ನೋಡಿ. ಗಿರಾಕಿಗೆ ನೇರವಾಗಿ ಮಾರುವ ಸಣ್ಣ ರೈತರಿಗೆ ಅದರಿಂದ ವಿನಾಯಿತಿ ಇದೆ, ಅಂಥವರನ್ನು ಮಾತಾಡಿಸಿ, ಏನು ಹಾಕಿ ಬೆಳೆಯುತ್ತೀರಿ ಅಂತ ಕೇಳಿ ಕೊಳ್ಳಬೇಕು. ಆದರೆ ಮೂರು ದಿನದ ಹಿಂದಿನ ಸಾವಯವ ಪಾಲಕ್ ಒಂದು ಕಡೆ, ಇವತ್ತು ಬೆಳಗ್ಗೆ ಕಿತ್ತ ಸಾಮಾನ್ಯ ದಂಟಿನ ಸೊಪ್ಪು ಇನ್ನೊಂದು ಕಡೆ ಇದ್ದರೆ, ನನ್ನ ಕೈ ದಂಟಿನ ಕಡೆಗೇ ಹೋಗುತ್ತದೆ.

ಇನ್ನೂ ಆಸೆ ಇದ್ದರೆ ಬಾಲ್ಕನಿಯಲ್ಲಿ ಎರಡು ಕುಂಡ ಇಡಿ. ದೊಡ್ಡಪತ್ರೆಯ ಕಡ್ಡಿ ಮುರಿದು ಸುಮ್ನೆ ಚುಚ್ಚಿದರೂ ಬರುತ್ತದೆ, ಜೀರಿಗೆ, ಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಮೆಂತ್ಯ ಕಾಳು ಉದುರಿಸಿದರೆ ಮೂರ್ನಾಲ್ಕು ವಾರಕ್ಕೆ ಒಂದು ಪಲ್ಯಕ್ಕಾಗುವಷ್ಟು ಸಿಗುತ್ತದೆ. ಬಿಸಿಲು ಸರಿಯಾಗಿ ಬೀಳದ ಬಾಲ್ಕನಿ ಆದರೆ ಮೆಂತ್ಯ ಬಿಟ್ಟು ಒಂದೆಲಗ ಹಾಕಿ, ಅದಕ್ಕೆ ಅರೆನೆರಳು, ತೇವದ ಮಣ್ಣು ಇದ್ದರೆ ಆಯಿತು.