ಗೋಣಿಚೀಲದಲ್ಲಿ ಬಂದ ಟಿಲ್ಲರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಯಲಬುರ್ಗಾ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ದಾಳಿಂಬೆ ತೋಟವಿದೆ. ಸಾಲುಗಳ ನಡುವಿನ ಕಳೆ ತೆಗೆಯಲೆಂದು ಪರಿಚಯದವರೊಬ್ಬರಿಂದ ಹಳೆಯ ಪೆಟ್ರೋಲ್ ಟಿಲ್ಲರ್ ಕೊಂಡೆ. ಎಂಜಿನ್ ಮತ್ತು ಹಿಡಿಕೆ ಒಂದಾಗಿಯೇ ಇವೆ. ಗೇರ್ ಪೆಟ್ಟಿಗೆಯನ್ನು ಮಾತ್ರ ಹಿಂದಿನ ಮಾಲೀಕರು ಎಣ್ಣೆ ಸೋರುತ್ತದೆಂದು ಬಿಚ್ಚಿ, ಮತ್ತೆ ಕೂಡಿಸಲಾಗದೆ ಗೋಣಿಚೀಲದಲ್ಲಿ ತುಂಬಿ ಕೊಟ್ಟಿದ್ದಾರೆ. ಚೀಲದಲ್ಲಿ ಹಿತ್ತಾಳೆ ಬಣ್ಣದ ಹಲ್ಲುಚಕ್ರ, ಸ್ಕ್ರೂವಿನಂತೆ ಸುರುಳಿ ಕೊರೆದ ಉಕ್ಕಿನ ದಂಡ, ಬೇರಿಂಗ್‌ಗಳು ಮತ್ತು ಬೇರೆ ಬೇರೆ ದಪ್ಪದ ವಾಷರ್‌ಗಳಿವೆ. ಎಂಜಿನ್ ಎರಡು ವರ್ಷದಿಂದ ಚಾಲೂ ಆಗಿಲ್ಲ. ಮೊದಲು ಎಂಜಿನ್ ಬಿಚ್ಚಿಸಬೇಕೇ, ಗೇರ್ ಪೆಟ್ಟಿಗೆ ಕೂಡಿಸಬೇಕೇ? ಇದಕ್ಕೆ ಹಣ ಹಾಕುವುದು ಯೋಗ್ಯವೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ಗೇರ್ ಪೆಟ್ಟಿಗೆಯನ್ನು ನೋಡಿ, ಎಂಜಿನ್ನಿಗೆ ಸದ್ಯಕ್ಕೆ ಪಾನಾ ಹಚ್ಚಬೇಡಿ. ಎರಡು ವರ್ಷ ಸುಮ್ಮನೆ ನಿಂತ ಸಣ್ಣ ಪೆಟ್ರೋಲ್ ಎಂಜಿನ್ ಚಾಲೂ ಆಗದಿರುವುದಕ್ಕೆ ಕಾರಣ ಬಹುತೇಕ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಒಣಗಿ ಅಂಟಾದ ಪೆಟ್ರೋಲೇ ಆಗಿರುತ್ತದೆ, ಅದಕ್ಕೆ ಅರ್ಧ ದಿನದ ಕೆಲಸ ಸಾಕು. ಹಾಗೊಂದು ವೇಳೆ ಎಂಜಿನ್ ಪೂರ್ತಿ ಕೆಟ್ಟಿದ್ದರೂ ಅದರ ಜಾಗದಲ್ಲಿ ಕೂರುವ ಬೇರೆ ಎಂಜಿನ್ ಸಿಕ್ಕೀತು. ಆದರೆ ಹಳೆಯ ಯಂತ್ರದ ಗೇರ್ ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಅಥವಾ ಹಲ್ಲುಚಕ್ರ ಸವೆದು ಹೋಗಿದ್ದರೆ ಅದಕ್ಕೆ ಹೊಂದುವ ಬಿಡಿಭಾಗ ಸಿಗುವುದು ಕಷ್ಟ. ಹೀಗಾಗಿ ಹಣ ಹಾಕಬೇಕೋ ಬೇಡವೋ ಎಂಬುದನ್ನು ನಿಮ್ಮ ಗೋಣಿಚೀಲವೇ ಹೇಳಬೇಕು.

ಚೀಲದಲ್ಲಿರುವುದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರವಿ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆಯಿರಿ. ಈ ಕೆಲಸಕ್ಕೆ ಪೆಟ್ರೋಲ್ ಬೇಡ. ನೀವು ಹೇಳಿದ ಸುರುಳಿ ದಂಡವನ್ನು ವರ್ಮ್ ಎಂದೂ ಹಿತ್ತಾಳೆ ಬಣ್ಣದ ಚಕ್ರವನ್ನು ವರ್ಮ್ ವೀಲ್ ಎಂದೂ ಕರೆಯುತ್ತಾರೆ. ಚಕ್ರ ಹಿತ್ತಾಳೆಯದಲ್ಲ, ಕಂಚಿನದು. ಉಕ್ಕಿನ ಸುರುಳಿ ಅದರ ಮೇಲೆ ಉರುಳದೆ ಜಾರುತ್ತಲೇ ತಿರುಗಿಸುವುದರಿಂದ ಎರಡರಲ್ಲಿ ಒಂದು ಮೆದುವಾಗಿರಬೇಕು, ಸವೆಯುವ ಸರದಿ ಕಂಚಿನದಾಗಬೇಕು ಎಂಬ ಲೆಕ್ಕದಲ್ಲಿಯೇ ಅದನ್ನು ಮಾಡಿರುತ್ತಾರೆ. ಚಕ್ರದ ಹಲ್ಲಿನ ತುದಿ ಚಪ್ಪಟೆಯಾಗಿ ದಪ್ಪವಿದ್ದರೆ ಇನ್ನೂ ಆಯುಷ್ಯವಿದೆ. ಕುಡುಗೋಲಿನ ಬಾಯಿಯಂತೆ ಚೂಪಾಗಿದ್ದರೆ ಮುಗಿದಿದೆ. ಒಂದು ಮಗ್ಗುಲು ಮಾತ್ರ ಸವೆದು, ಚಕ್ರದ ನಡುಗುಂಬ (ದಂಡ ತೂರುವ ಮಧ್ಯಭಾಗ) ಎರಡೂ ಕಡೆ ಒಂದೇ ಉದ್ದವಿದ್ದರೆ, ಚಕ್ರವನ್ನು ತಿರುವಿ ಹಾಕಿ ಸವೆಯದ ಮಗ್ಗುಲನ್ನು ಕೆಲಸಕ್ಕೆ ಹಚ್ಚಬಹುದು. ಇದು ಬಡವರ ಉಪಾಯವೆಂದು ನಗುವವರುಂಟು, ಆದರೆ ಯಂತ್ರಶಾಸ್ತ್ರಕ್ಕೆ ಸರಿಯಾದ ಉಪಾಯವೇ. ಇದಕ್ಕೆ ಹೊರತಾಗಿ, ಉಕ್ಕಿನ ಸುರುಳಿಯ ಮೇಲೆಯೇ ಗುಳಿ, ಗೀರು ಬಿದ್ದಿದ್ದರೆ ಅಥವಾ ಬೇರಿಂಗ್ ಕೂರುವ ಜಾಗದಲ್ಲಿ ಪೆಟ್ಟಿಗೆ ಸೀಳಿದ್ದರೆ ಎಂಜಿನ್ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕುವುದೇ ಲಾಭ.

ಬೇರಿಂಗ್‌ಗಳಿಗಾಗಿ ಕಂಪನಿಯ ಹೆಸರು ಹುಡುಕುತ್ತ ಅಲೆಯಬೇಕಾಗಿಲ್ಲ. ಅವುಗಳ ಅಂಚಿನಲ್ಲಿ ಕೊರೆದ ಸಂಖ್ಯೆಯೇ ಅಳತೆ: 6205 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದಾಗ ಒಳಗಿನ ತೂತು 25 ಮಿಲಿಮೀಟರ್ ಎಂದು ತಿಳಿಯುತ್ತದೆ, ಹೊರ ಅಳತೆ 52, ದಪ್ಪ 15. ದಂಡದ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯಾದ ಆಯಿಲ್ ಸೀಲಿನ ಮೇಲೂ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಎಂದು ಮೂರು ಸಂಖ್ಯೆಗಳಿರುತ್ತವೆ. ಇವನ್ನು ಬರೆದುಕೊಂಡು ಹೋದರೆ ಗಂಗಾವತಿಯಲ್ಲಾಗಲಿ ಹೊಸಪೇಟೆಯಲ್ಲಾಗಲಿ ಬೇರಿಂಗ್ ಅಂಗಡಿಯವರು ಯಂತ್ರ ಯಾವುದೆಂದು ಕೇಳದೆ ಎತ್ತಿ ಕೊಡುತ್ತಾರೆ.

ಎಣ್ಣೆ ಸೋರುತ್ತದೆಂದು ಪೆಟ್ಟಿಗೆ ಬಿಚ್ಚಿದರು ಎಂದಿದ್ದೀರಿ. ದಾಳಿಂಬೆ ತೋಟಗಳಲ್ಲಿ ಇದಕ್ಕೆ ಕಾರಣವನ್ನು ಬ್ಲೇಡ್ ಕೂರುವ ದಂಡದ ಬುಡದಲ್ಲಿ ಹುಡುಕಬೇಕು. ಕೊಂಬೆ ಕಟ್ಟುವ ನೈಲಾನ್ ದಾರ, ಹರಿದ ಡ್ರಿಪ್ ಪೈಪಿನ ಚೂರು, ಉದ್ದನೆಯ ಕರಿಕೆ ಬಳ್ಳಿ ಆ ದಂಡಕ್ಕೆ ಸುತ್ತಿಕೊಂಡು, ಬಿಗಿಯಾಗುತ್ತ ಒಳಗೆ ಸರಿದು ಸೀಲಿನ ರಬ್ಬರ್ ತುಟಿಯನ್ನು ಕತ್ತರಿಸುತ್ತವೆ. ಮೊದಲು ಎಣ್ಣೆ ಹೊರಗೆ ಬರುತ್ತದೆ, ಆಮೇಲೆ ಮಣ್ಣು ಒಳಗೆ ಹೋಗುತ್ತದೆ. ಹೊಸ ಸೀಲ್ ಹಾಕುವಾಗ ಸಣ್ಣ ಸ್ಪ್ರಿಂಗ್ ಕಾಣುವ ಮಗ್ಗುಲು ಎಣ್ಣೆಯ ಕಡೆಗೆ, ಅಂದರೆ ಒಳಮುಖವಾಗಿರಬೇಕು. ತಿರುಗುಮುರುಗಾಗಿ ಹಾಕಿದ ಹೊಸ ಸೀಲು ಹಳೆಯ ಸೀಲಿಗಿಂತ ಹೆಚ್ಚು ಸೋರುತ್ತದೆ. ದಂಡದ ಮೇಲೆ ಹಳೆಯ ತುಟಿ ಕೊರೆದ ಗೆರೆ ಉಗುರಿಗೆ ತಾಗುವಂತಿದ್ದರೆ, ಸೀಲನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಿ, ತುಟಿ ನುಣುಪಾದ ಜಾಗಕ್ಕೆ ಬರುವಂತೆ ಮಾಡಿರಿ.

ಇನ್ನು ಆ ಬೇರೆ ಬೇರೆ ದಪ್ಪದ ವಾಷರ್‌ಗಳು. ಅವು ಉಳಿಕೆ ಸಾಮಾನಲ್ಲ, ಒಂದನ್ನೂ ಎಸೆಯಬೇಡಿ. ತೆಳ್ಳನೆಯವು ಶಿಮ್‌ಗಳು, ಕಂಚಿನ ಚಕ್ರವನ್ನು ಸುರುಳಿಯ ನಟ್ಟನಡುವೆ ನಿಲ್ಲಿಸುವುದು ಅವುಗಳ ಕೆಲಸ. ದಪ್ಪನಾದ, ನುಣುಪಾಗಿ ಉಜ್ಜಿದ ವಾಷರ್‌ಗಳು ಸುರುಳಿ ದಂಡದ ಎರಡು ತುದಿಗಳಲ್ಲಿ ಒತ್ತು ತಡೆಯುವ ಬೇರಿಂಗಿನ ಜೊತೆಯವು: ವಾಷರ್, ನಡುವೆ ಗುಂಡುಗಳ ಬಳೆ, ಮತ್ತೆ ವಾಷರ್ ಎಂಬ ಕ್ರಮದಲ್ಲಿ ಕೂಡುತ್ತವೆ. ಮೊದಲ ಸಲ ಎಣ್ಣೆ, ಅಂಟು ಏನೂ ಇಲ್ಲದೆ ಪೆಟ್ಟಿಗೆ ಕೂಡಿಸಿ, ಸುರುಳಿ ದಂಡವನ್ನು ಕೈಯಿಂದ ತಿರುಗಿಸಿ ನೋಡಿರಿ. ಎಲ್ಲಿಯೂ ಬಿಗಿಯಬಾರದು, ಬ್ಲೇಡಿನ ದಂಡವನ್ನು ಹಿಡಿದು ಎಳೆದರೆ ಅತ್ತಿತ್ತ ಕೂದಲೆಳೆಯಷ್ಟು ಮಾತ್ರ ಅಲುಗಬೇಕು. ಹಲ್ಲು ಸರಿಯಾಗಿ ಕೂಡಿದೆಯೇ ಎಂದು ತಿಳಿಯಲು ಕಾರ್ಖಾನೆಗಳಲ್ಲಿ ನೀಲಿ ಬಣ್ಣ ಸವರುತ್ತಾರೆ. ಮನೆಯಲ್ಲಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಸುರುಳಿಗೆ ತೆಳ್ಳಗೆ ಹಚ್ಚಿದರೂ ಆದೀತು. ತಿರುಗಿಸಿ ಬಿಚ್ಚಿದಾಗ ಕೆಂಪು ಗುರುತು ಹಲ್ಲಿನ ನಡುವೆ ಬಿದ್ದಿದ್ದರೆ ಸರಿ. ಒಂದು ಅಂಚಿಗೆ ಬಿದ್ದಿದ್ದರೆ ಒಂದು ಮಗ್ಗುಲಿನ ಶಿಮ್ ತೆಗೆದು ಇನ್ನೊಂದು ಮಗ್ಗುಲಿಗೆ ಹಾಕಿ ಮತ್ತೆ ನೋಡಬೇಕು. ಈ ಒಂದು ಕೆಲಸಕ್ಕೆ ಇಡೀ ದಿನ ಹೋದರೂ ಬೇಸರಿಸಬೇಡಿ, ಹಿಂದಿನ ಮಾಲೀಕರು ಸೋತದ್ದು ಬಹುಶಃ ಇಲ್ಲಿಯೇ. ಕುಂಕುಮವನ್ನು ಚೆನ್ನಾಗಿ ಒರೆಸಿ ತೆಗೆದ ಮೇಲೆಯೇ ಕೊನೆಯ ಜೋಡಣೆ.

ಪೆಟ್ಟಿಗೆಯ ಎರಡು ಹೋಳುಗಳ ನಡುವೆ ಎಣ್ಣೆ ಸೋರದಂತೆ ಇಡುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹಳೆಯದರಷ್ಟೇ ದಪ್ಪವಿರಬೇಕು. ದಪ್ಪ ಹೆಚ್ಚಿದರೆ ನೀವು ಕೂರಿಸಿದ ಶಿಮ್ ಲೆಕ್ಕವೆಲ್ಲ ಕೆಟ್ಟು ದಂಡ ಸಡಿಲಾಗುತ್ತದೆ. ಅಂಟನ್ನು ಧಾರಾಳವಾಗಿ ಬಳಿಯುವ ಮಿಸ್ತ್ರಿಗಳಿದ್ದಾರೆ. ಒಳಗೆ ಹಿಂಡಿದ ಅಂಟು ಒಣಗಿ, ಕಿತ್ತು ಬೇರಿಂಗಿಗೆ ಸೇರುತ್ತದೆ. ಬೇರಿಂಗನ್ನು ಅಲ್ಯೂಮಿನಿಯಂ ಪೆಟ್ಟಿಗೆಗೆ ಸುತ್ತಿಗೆಯಿಂದ ಬಡಿದು ಕೂರಿಸುವ ಬದಲು ಪೆಟ್ಟಿಗೆಯನ್ನು ಕುದಿಯುವ ನೀರಿನಲ್ಲಿ ಕಾಯಿಸಿ, ಬೇರಿಂಗನ್ನು ಕವರಿನಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ತೆಗೆದರೆ, ಬೆರಳಿನ ಒತ್ತಿಗೇ ಕೂರುವುದುಂಟು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಎಷ್ಟೇ ಉರಿದರೂ ಈ ಕೆಲಸಕ್ಕೆ ಸಾಲದು! ಕೂಡಿಸಿದ ಮೇಲೆ, ಯಂತ್ರದ ಮೇಲೆ ಬೇರೆ ಸೂಚನೆ ಇಲ್ಲದಿದ್ದರೆ, 90 ನಂಬರಿನ ಗೇರ್ ಆಯಿಲ್ ಹಾಕಿರಿ. ಸೋರುತ್ತದೆಂದು ಎಣ್ಣೆಯ ಬದಲು ಗ್ರೀಸ್ ತುಂಬುವ ಚಾಳಿ ಬೇಡ. ಚಕ್ರ ಅದನ್ನು ಒಮ್ಮೆ ಗೋಡೆಗೆ ಎಸೆದರೆ ಅದು ಅಲ್ಲೇ ಅಂಟಿಕೊಂಡು, ಹಲ್ಲು ಒಣಗಿಯೇ ತಿರುಗುತ್ತದೆ.

ಎಂಜಿನ್ನಿನ ವಿಷಯ ಚಿಕ್ಕದು. ಹಳೆಯ ಪೆಟ್ರೋಲನ್ನು ಚೆಲ್ಲಿ, ಬಿರುಕು ಬಿಟ್ಟ ರಬ್ಬರ್ ಪೈಪ್ ಬದಲಿಸಿ, ಕಾರ್ಬುರೇಟರಿನ ಬಟ್ಟಲನ್ನೂ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನೂ ತೊಳೆಯಿರಿ. ಜೆಟ್ಟಿನ ತೂತನ್ನು ಉಕ್ಕಿನ ಪಿನ್ನಿನಿಂದ ಚುಚ್ಚಿದರೆ ಅಗಲವಾಗುತ್ತದೆ, ವಿದ್ಯುತ್ ವಯರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥೆನಾಲ್ ಇರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ. ಹಂಗಾಮು ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿಸಬೇಡಿ. ಕಿಡಿ ಹಾರಿಸುವ ಪ್ಲಗ್ಗಿನ ತುದಿಯ ಅಂತರ ಈ ಗಾತ್ರದ ಬಹುತೇಕ ಎಂಜಿನ್‌ಗಳಲ್ಲಿ 0.7ರಿಂದ 0.8 ಮಿಲಿಮೀಟರ್. ಕಿಡಿ ಬಾರದಿದ್ದರೆ ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಕೊಳ್ಳುವ ಮೊದಲು ಎಂಜಿನ್ ಆಯಿಲ್ ನೋಡಿರಿ: ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ನಿಲ್ಲಿಸುವ ಸ್ವಿಚ್ ಅನೇಕ ಎಂಜಿನ್‌ಗಳಲ್ಲಿದೆ.

ಕೊನೆಗೆ ಬ್ಲೇಡ್‌ಗಳು. ಅವನ್ನು ಮುಟ್ಟುವ ಮುನ್ನ ಪ್ಲಗ್ಗಿನ ಟೋಪಿ ಕಿತ್ತಿಡಿ. ಎಂಜಿನ್ ಬಂದ್ ಇದ್ದರೂ ಇದನ್ನು ಬಿಡಬೇಡಿ. ಬ್ಲೇಡಿನ ಹರಿತವಾದ ಅಂಚು ತಿರುಗುವ ದಿಕ್ಕಿಗೆ ಮುಂದಾಗಿರಬೇಕು. ಎಡಬಲ ಅದಲುಬದಲಾದರೆ ಬೆನ್ನು ನೆಲಕ್ಕೆ ಬಡಿದು ಯಂತ್ರ ಮಣ್ಣಿಗಿಳಿಯದೆ ಕುಣಿಯುತ್ತದೆ, ಜನ ಎಂಜಿನ್ನಿಗೆ ಶಕ್ತಿ ಇಲ್ಲವೆಂದುಕೊಳ್ಳುತ್ತಾರೆ. ಬ್ಲೇಡ್ ಹಿಡಿಯುವ ಪಿನ್ ಮುರಿದರೆ ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಬೋಲ್ಟ್ ಹಾಕಬೇಡಿ. ಕಲ್ಲಿಗೆ ಬಡಿದಾಗ ಪಿನ್ ಮುರಿಯಲಿ ಎಂದೇ ಅದು ಮೆದುವಾಗಿದೆ. ಅದು ಮುರಿಯದಿದ್ದರೆ ನಿಮ್ಮ ಕಂಚಿನ ಚಕ್ರ ಮುರಿಯುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕಲ್ಲಿನ ಭಯ, ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಅಂಟಿನ ಭಯ: ಎರೆ ಮಣ್ಣನ್ನು ಹದ ಬರುವ ಮೊದಲೇ ಹೊಕ್ಕರೆ ಬ್ಲೇಡುಗಳ ನಡುವೆ ಮೆತ್ತಿ ಉರುಳೆಯಾಗುತ್ತದೆ.

ಪ್ರಶ್ನೆ: ನಮ್ಮ ಟಿಲ್ಲರಿನ ಬ್ಲೇಡ್ ಬದುವಿನ ಕಲ್ಲಿಗೆ ಸಿಕ್ಕು ಎಂಜಿನ್ ಒಮ್ಮೆಲೇ ನಿಂತಿತು. ಅಂದಿನಿಂದ ಚಾಲೂ ಮಾಡುವ ಹಗ್ಗ ಎಳೆದರೆ ಕೈಯನ್ನೇ ಹಿಂದಕ್ಕೆ ಎಳೆಯುತ್ತದೆ, ಒಮ್ಮೊಮ್ಮೆ ಢಂ ಎನ್ನುತ್ತದೆ. ಕಿಡಿ, ಪೆಟ್ರೋಲ್ ಎರಡೂ ಬರುತ್ತಿವೆ. ಕಾರ್ಬುರೇಟರ್ ಬದಲಿಸಿಯೂ ಆಯಿತು.
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಕಾರ್ಬುರೇಟರಿನ ತಪ್ಪೇನೂ ಇರಲಿಲ್ಲ. ಎಂಜಿನ್ ಒಮ್ಮೆಲೇ ನಿಂತಾಗ ಭಾರವಾದ ಚಕ್ರ, ಅಂದರೆ ಫ್ಲೈವೀಲ್, ತನ್ನ ವೇಗದಲ್ಲಿ ಮುಂದಕ್ಕೆ ಸರಿದು, ಅದನ್ನು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ದಂಡಕ್ಕೆ ಹೊಂದಿಸುವ ಸಣ್ಣ ಲೋಹದ ತುಂಡನ್ನು, ಅಂದರೆ ಚಾವಿಯನ್ನು, ಕತ್ತರಿಸಿರುವ ಸಾಧ್ಯತೆ ಹೆಚ್ಚು. ಕಿಡಿ ಹುಟ್ಟಿಸುವ ಅಯಸ್ಕಾಂತ ಫ್ಲೈವೀಲಿನಲ್ಲಿಯೇ ಇರುವುದರಿಂದ ಚಾವಿ ಅರ್ಧ ಕತ್ತರಿಸಿದರೂ ಕಿಡಿ ಬರುತ್ತದೆ, ಆದರೆ ಹೊತ್ತು ತಪ್ಪಿ ಬರುತ್ತದೆ. ಫ್ಲೈವೀಲನ್ನು ಅದನ್ನು ಎಳೆದು ತೆಗೆಯುವ ಸಾಧನವಾದ ಪುಲ್ಲರ್ ಹಾಕಿಯೇ ತೆಗೆಸಿರಿ. ಹಿಂದಿನಿಂದ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ರೆಕ್ಕೆಗಳು ಮುರಿಯುತ್ತವೆ. ಚಾವಿಯನ್ನು ಆ ಎಂಜಿನ್ನಿನದೇ ಹಾಕಬೇಕು, ಲೇತಿನವರು ಗಟ್ಟಿ ಉಕ್ಕಿನಲ್ಲಿ ಮಾಡಿಕೊಡುತ್ತೇವೆಂದರೆ ಒಪ್ಪಬೇಡಿ. ಫ್ಲೈವೀಲನ್ನು ನಿಜವಾಗಿ ಹಿಡಿದಿಡುವುದು ಚಾವಿಯಲ್ಲ, ದಂಡದ ಇಳಿಜಾರು ಮೈ ಮತ್ತು ನಟ್ಟಿನ ಬಿಗಿತ. ಆದ್ದರಿಂದ ಆ ಮೈಯನ್ನು ಎಣ್ಣೆ, ತುಕ್ಕು ಇಲ್ಲದಂತೆ ಒರೆಸಿ ಕೂಡಿಸಬೇಕು. ಕಾಯಿಲ್ ಬಿಚ್ಚಿದ್ದರೆ ಅದಕ್ಕೂ ಫ್ಲೈವೀಲಿಗೂ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ ಬಿಡಿ. ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಸ್ಕ್ರೂ ಬಿಗಿದು, ಕಾರ್ಡ್ ಎಳೆದುಕೊಂಡರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಪ್ರಶ್ನೆ: ರಿಪೇರಿ ಮುಗಿಸಿ ಸಿರುಗುಪ್ಪಕ್ಕೆ ಗೂಡ್ಸ್ ಆಟೋದಲ್ಲಿ ಮಲಗಿಸಿ ತಂದ ಟಿಲ್ಲರ್ ಇಳಿಸಿದ ಕೂಡಲೇ ನೀಲಿ ಹೊಗೆ ಕಾರುತ್ತಿದೆ. ಪಿಸ್ಟನ್ ರಿಂಗ್ ಹೋಯಿತೇ?
– ಓದುಗರು, ಬಳ್ಳಾರಿ ಜಿಲ್ಲೆ

ಉತ್ತರ: ಗಾಬರಿ ಬೇಡ. ಮಲಗಿಸಿದಾಗ ಎಂಜಿನ್ ಆಯಿಲ್ ಸಿಲಿಂಡರಿಗೂ ಏರ್ ಫಿಲ್ಟರಿಗೂ ಇಳಿದಿದೆ. ಪ್ಲಗ್ ತೆಗೆದು, ತೂತಿಗೆ ಬಟ್ಟೆ ಅಡ್ಡ ಹಿಡಿದು ಹಗ್ಗವನ್ನು ಐದಾರು ಸಲ ಮೆಲ್ಲಗೆ ಎಳೆದು ಆಯಿಲ್ ಹೊರಹಾಕಿರಿ. ಫಿಲ್ಟರ್ ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಕೆಲವು ಹನಿ ಆಯಿಲ್ ಹಾಕಿ ಹಿಂಡಿ ಕೂರಿಸಬಹುದು, ಕಾಗದದ್ದಾದರೆ ಬದಲಿಸಲೇಬೇಕು. ಆಯಿಲ್ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಿ ಚಾಲೂ ಮಾಡಿರಿ. ಹತ್ತು ನಿಮಿಷ ಓಡಿದ ಮೇಲೂ ಹೊಗೆ ನಿಲ್ಲದಿದ್ದರೆ ಆಗ ರಿಂಗಿನ ಮಾತು. ಮುಂದಿನ ಸಲ ನಿಲ್ಲಿಸಿಯೇ ಹಗ್ಗ ಕಟ್ಟಿ ತನ್ನಿ; ಮಲಗಿಸಲೇಬೇಕಾದರೆ ಪೆಟ್ರೋಲ್ ಬಸಿದು, ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಇರುವ ಮಗ್ಗುಲು ಮೇಲಕ್ಕೆ ಬರುವಂತೆ ಮಲಗಿಸಿರಿ.