ಪುಣೆ ಅಂಗಡಿಯ ಪಿಸಿ ಪಿಂಗ್‌ಗೆ ಉತ್ತರ ಕೊಡ್ತಿಲ್ಲ, ಏನು ಮಾಡಲಿ?

ಪುಣೆ ಪಕ್ಕದ ಪಿಂಪ್ರಿ ಅಂಗಡಿಯ ಬಿಲ್ಲಿಂಗ್ ಪಿಸಿಯಲ್ಲಿ ಇಂಟರ್ನೆಟ್ ಬರುತ್ತಿದೆ, ಪಕ್ಕದ ಲ್ಯಾಪ್‌ಟಾಪಿನಿಂದ ಪಿಂಗ್ ಮಾಡಿದರೆ (ಅಂದ್ರೆ ‘ಇದ್ದೀಯಾ?’ ಎಂದು ಕೇಳುವ ಚಿಕ್ಕ ಸಂದೇಶ ಕಳಿಸಿದರೆ) ಮಾತ್ರ ‘ರಿಕ್ವೆಸ್ಟ್ ಟೈಮ್ಡ್ ಔಟ್’, ಅಲ್ವಾ? ಹಾಗಿದ್ರೆ ಆ ಪಿಸಿಯ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು) ಪಿಂಗನ್ನು ತಡೆಯುತ್ತಿರಬಹುದು. ಸುಮ್ನೆ ಕೇಬಲ್ ಬದಲಿಸಬೇಡಿ, ಫೈರ್‌ವಾಲನ್ನು ಪೂರ್ತಿ ಆಫ್ ಮಾಡುವುದಂತೂ ಬೇಡವೇ ಬೇಡ.

ಬಿಲ್ಲಿಂಗ್ ಪಿಸಿಯಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಬ್ಲ್ಯೂಎಫ್ ಡಾಟ್ ಎಂಎಸ್‌ಸಿ (wf.msc) ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಫೈರ್‌ವಾಲ್ ಕಿಟಕಿ ತೆರೆಯುತ್ತದೆ. ಎಡಗಡೆ ಇನ್‌ಬೌಂಡ್ ರೂಲ್ಸ್ ಕ್ಲಿಕ್ ಮಾಡಿದರೆ ಉದ್ದದ ಪಟ್ಟಿ ಬರುತ್ತದೆ, ಅದರಲ್ಲಿ ‘ಫೈಲ್ ಆಂಡ್ ಪ್ರಿಂಟರ್ ಶೇರಿಂಗ್’ ಎಂದು ಶುರುವಾಗಿ (ಪಿಂಗಿಗೂ ಪ್ರಿಂಟರಿಗೂ ಏನು ನಂಟೋ!) ‘ಎಕೋ ರಿಕ್ವೆಸ್ಟ್ ಐಸಿಎಂಪಿವಿ4 ಇನ್’ ಎಂದು ಮುಗಿಯುವ ಸಾಲುಗಳಿರುತ್ತವೆ. ಪ್ರೊಫೈಲ್ ಕಾಲಂನಲ್ಲಿ ಪ್ರೈವೇಟ್ ಅಂತಿರುವ ಸಾಲನ್ನು ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಹಸಿರು ಟಿಕ್ ಬಂತಾ? ಆಯ್ತು, ರೀಸ್ಟಾರ್ಟ್ ಬೇಡ.

ಆಮೇಲೂ ಉತ್ತರ ಬರದಿದ್ದರೆ ನೆಟ್‌ವರ್ಕ್ ಪಬ್ಲಿಕ್ ಅಂತ ಸೆಟ್ ಆಗಿರಬಹುದು, ಆಗ ನೀವು ಎನೇಬಲ್ ಮಾಡಿದ ಪ್ರೈವೇಟ್ ಸಾಲು ಅನ್ವಯಿಸಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೇಟ್ ಮಾಡಿ.