ವಿಜ್ಞಾನದ ಪ್ರಯೋಗಗಳನ್ನು ಓದಿ ಇಂಗ್ಲಿಷ್ ಪದ ಕಲಿಯಬಹುದಾ?

ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡಿದರೂ ವಾರದೊಳಗೆ ಮರೆತುಹೋಗುತ್ತದೆ, ಪ್ರಯೋಗಗಳ ಬಗ್ಗೆ ಓದಿದರೆ ಉಳಿಯುತ್ತಾ ಅಂತ ಕೇಳಿದ್ದೀರಿ. ಉಳಿಯುತ್ತದೆ. ಆದರೆ ಸುಮ್ನೆ ಓದಿದರೆ ಸಾಲದು, ಓದಿದ್ದನ್ನು ಮಾಡಿ ನೋಡಬೇಕು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಸೈನ್ಸ್ ತಗೊಂಡಾಗ ಎಲ್ಲ ಪಾಠವೂ ಒಮ್ಮೆಲೇ ಇಂಗ್ಲಿಷಿಗೆ ತಿರುಗಿತು. ಡಿಕ್ಷನರಿಯಲ್ಲಿ ‘ಮೆಲ್ಟ್’ ನೋಡಿದರೆ ಕರಗು. ‘ಡಿಸಾಲ್ವ್’ ನೋಡಿದರೂ ಕರಗು. ಸಕ್ಕರೆ ನೀರಿನಲ್ಲಿ ಮೆಲ್ಟ್ ಆಗುತ್ತದೆ ಅಂತ ಬರೆದು ಅಂಕ ಕಳೆದುಕೊಂಡೆ. ಆಮೇಲೆ ಮನೆಯಲ್ಲಿ ಎರಡು ಲೋಟ ಬಿಸಿನೀರು ಇಟ್ಟುಕೊಂಡೆ. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಗಟ್ಟಿ ತುಪ್ಪ. ಸಕ್ಕರೆ ನೀರಿನೊಳಗೆ ಬೆರೆತು ಕಾಣೆಯಾಯಿತು, ಅದು ಡಿಸಾಲ್ವ್. ತುಪ್ಪ ಕರಗಿ ತೆಳ್ಳಗಾಯಿತು, ಆದರೆ ನೀರಿನ ಜೊತೆ ಬೆರೆಯದೆ ಮೇಲೆ ತೇಲಿತು. ಅದು ಮೆಲ್ಟ್. ನಮ್ಮ ‘ಕರಗು’ ಎರಡಕ್ಕೂ ಆಗುತ್ತದೆ, ಇಂಗ್ಲಿಷಿನಲ್ಲಿ ಆಗುವುದಿಲ್ಲ. ಇದು ಡಿಕ್ಷನರಿಯಿಂದ ನನಗೆ ಗೊತ್ತಾಗಿರಲಿಲ್ಲ, ಲೋಟ ನೋಡಿ ಗೊತ್ತಾಯಿತು.

ಓದಲು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯ ಬಗ್ಗೆ ಕೊಟ್ಟ ಆರು ಉಪನ್ಯಾಸಗಳನ್ನು ಹಿಡಿಯಿರಿ. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಶುರುವಾದವು, 1861ರಲ್ಲಿ ಪುಸ್ತಕವಾದವು. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹಳೇ ಕಾಲದ ಇಂಗ್ಲಿಷ್, ಕೆಲವು ವಾಕ್ಯ ಉದ್ದ. ಆದರೂ ಎದುರಿಗೆ ಕೂತ ಮಕ್ಕಳಿಗೆ ತೋರಿಸುತ್ತಾ ಹೇಳಿದ ಮಾತು, ಹಾಗಾಗಿ ಅರ್ಥ ಹಿಡಿಯುತ್ತಾ ಹೋಗಬಹುದು. ಒಂದು ಕಡೆ ಅವರು ಮೇಣದಬತ್ತಿ ಆರಿಸಿ, ಬತ್ತಿಯಿಂದ ಏಳುವ ಹೊಗೆಗೆ ಎರಡು ಮೂರು ಇಂಚು ಮೇಲಿನಿಂದ ಬೆಂಕಿ ಹಿಡಿಯುತ್ತಾರೆ. ಬೆಂಕಿ ಹೊಗೆಯಲ್ಲೇ ಇಳಿದು ಬತ್ತಿಗೆ ಹತ್ತಿಕೊಳ್ಳುತ್ತದೆ! ಗಾಳಿ ಬೀಸದ ಕಡೆ ನೀವೂ ಮಾಡಿ ನೋಡಿ. ಉರಿಯುವುದು ಮೇಣದ ಆವಿ, ‘ವೇಪರ್’. ಮುಂದೆ ‘ಎವಾಪರೇಟ್’ ಸಿಕ್ಕಾಗ ಅದರ ಹೊಟ್ಟೆಯಲ್ಲೇ ವೇಪರ್ ಇರುವುದು ಕಾಣುತ್ತದೆ, ಅಲ್ವಾ? ‘ಸೂಟ್’ (soot) ಅನ್ನುವ ಪದಕ್ಕಂತೂ ನಾನು ಅರ್ಥ ಹುಡುಕಲೇ ಇಲ್ಲ. ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆಗೆ ಹಿಡಿಯುತ್ತಿದ್ದ ಮಸಿ ಅದೇ.

ರಿಫ್ಲೆಕ್ಷನ್ (ಬೆಳಕಿನ ಪ್ರತಿಫಲನ), ರಿಫ್ರಾಕ್ಷನ್ (ಬೆಳಕಿನ ವಕ್ರೀಭವನ) ಅದಲುಬದಲಾಗುತ್ತಿದ್ದರೆ ನೀರಿನ ಲೋಟದಲ್ಲಿ ಚಮಚ ಇಟ್ಟು ನೋಡಿ. ಮುರಿದ ಹಾಗೆ ಕಾಣುತ್ತದೆ, ಅದು ರಿಫ್ರಾಕ್ಷನ್. ರಿಫ್ರಾಕ್ಷನ್ ಮತ್ತು ಮೂಳೆಯ ಫ್ರಾಕ್ಚರ್, ಎರಡೂ ‘ಮುರಿ’ ಅನ್ನುವ ಒಂದೇ ಲ್ಯಾಟಿನ್ ಪದದಿಂದ ಬಂದವು.

ಪ್ರಯೋಗ ಮುಗಿದ ಕೂಡಲೇ, ಪುಸ್ತಕ ಮುಚ್ಚಿ, ಕಂಡದ್ದನ್ನು ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ. ಪದ ತೋಚದಿದ್ದರೆ ಆ ಜಾಗದಲ್ಲಿ ಕನ್ನಡ ಪದವನ್ನೇ ಹಾಕಿ. ಆಮೇಲೆ ಪುಸ್ತಕ ತೆರೆದು ಅದನ್ನೊಂದನ್ನೇ ಹುಡುಕಿ. ನನಗೆ ಜಾಸ್ತಿ ನೆನಪಿರುವುದು ಹೀಗೆ ಹುಡುಕಿ ತುಂಬಿದ ಪದಗಳೇ. ಬ್ಯಾಂಕು, ಇಂಟರ್‌ವ್ಯೂಗಳಲ್ಲಿ ಮಾತಾಡುವ ಇಂಗ್ಲಿಷ್ ಇದರಿಂದ ಬರುವುದಿಲ್ಲ, ಅದಕ್ಕೆ ಜನರ ಜೊತೆ ಮಾತಾಡಿಯೇ ಕಲಿಯಬೇಕು. ಆದರೆ ಪಿಯುಸಿ ಪುಸ್ತಕ ತೆರೆದಾಗ ಆಗುವ ಹೆದರಿಕೆ ನನಗೆ ಇದರಿಂದಲೇ ಹೋಯಿತು. ಇವತ್ತು ರಾತ್ರಿ ಆ ಎರಡು ಲೋಟದಿಂದಲೇ ಶುರು ಮಾಡಿ.